ನಾಟಕದ ಛಾಯಾಚಿತ್ರಗಳು: ಸಾಕ್ಷ್ಯವಾಗಿ ಅವುಗಳ ಬೆಲೆ

ಉತ್ತರ ಕರ್ನಾಟಕದ ರಂಗಭೂಮಿಯನ್ನು ಕುರಿತು ಬರೆಯುವವರು ಗ್ರಂಥದ ನಡುನಡುವೆ ಹಳೆಯ ನಟರ ಚಿತ್ರಗಳನ್ನು ಅಚ್ಚುಮಾಡಿಸುವುದು ರೂಢಿಯಾಗಿದೆ. ಚಿತ್ರದ ಅಡಿಯಲ್ಲಿ ‘ಇಂಥ ನಾಟಕದ ಒಂದು ದೃಶ್ಯ’ ಎಂದಿರುತ್ತದೆ. ಓದುಗನು ಅದನ್ನು ನಂಬಿ, ಅಂದಿನ ರಂಗಸಜ್ಜಿಕೆಯೂ ನಟನ ನಿಲುವೂ ಹೀಗೆಯೇ ಇದ್ದುವೆಂದು ತೀರ್ಮಾನಿಸುತ್ತಾನೆ. ಶಾಸನವೊಂದು ದೊರೆತರೆ ಅದರ ಲಿಪಿ, ಕಾಲ, ಸ್ಥಳಗಳನ್ನು ಪರೀಕ್ಷಿಸದೆ ಒಂದು ಮಾತನ್ನೂ ಆಡದ ನಾವು ಛಾಯಾಚಿತ್ರದ ಮುಂದೆ ಮಾತ್ರ ಈ ಎಚ್ಚರವನ್ನು ಬಿಟ್ಟುಬಿಡುತ್ತೇವೆ. ಚಿತ್ರವನ್ನು ಯಾವ ಬೆಳಕಿನಲ್ಲಿ ತೆಗೆದರೆಂದು ಕೇಳಿದೊಡನೆ ನಮ್ಮ ತೀರ್ಮಾನಗಳಲ್ಲಿ ಎಷ್ಟೋ ನಿಲ್ಲಲಾರವೆಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಈ ತಪ್ಪಿಗೆ ನಾವೂ ಹೊರತಲ್ಲ. ಹಿಂದೆ ಚಿಕ್ಕೋಡಿ ತಾಲೂಕಿಗೆ ಸೇರಿದ್ದು ಈಗ ನಿಪ್ಪಾಣಿ ತಾಲೂಕಿನಲ್ಲಿರುವ ಬೇಡಕಿಹಾಳದ ಒಂದು ಮನೆಯಲ್ಲಿ ‘ಶ್ರೀಕೃಷ್ಣ ಪಾರಿಜಾತ’ದ ವೇಷ ತೊಟ್ಟ ಇಬ್ಬರ ಚಿತ್ರವನ್ನು ಕಂಡಿದ್ದೆವು. ಒಬ್ಬನು ಕೃಷ್ಣ, ಇನ್ನೊಬ್ಬನು ಸತ್ಯಭಾಮೆ. ಇಬ್ಬರೂ ಕೈಕಟ್ಟಿ, ಎದುರಿಗೆ ನೋಡುತ್ತ ನೆಟ್ಟಗೆ ನಿಂತಿದ್ದಾರೆ. ಅದರ ಪ್ರತಿಯನ್ನು ತಂದು, ಪಾರಿಜಾತದ ಅಭಿನಯದಲ್ಲಿ ಚಲನೆ ಕಡಿಮೆ, ಸಭೆಗೆ ಎದುರಾದ ನಿಲುವೇ ಪ್ರಧಾನ ಎಂದು ಎರಡು ವರ್ಷ ತರಗತಿಯಲ್ಲಿ ಪಾಠ ಹೇಳಿದೆವು. ಮುಂದೆ ಮತ್ತೊಮ್ಮೆ ಹೋದಾಗ ಆ ಮನೆಯ ಹಿರಿಯರು ನಕ್ಕು, “ರಾತ್ರಿ ಎಲ್ಲಿ ಫೋಟೊ ಬರತಿತ್ರಿ ಸರ? ಆಟ ಮುಗದ ಮ್ಯಾಲ ಮುಂಜಾನಿ ಬಿಸಲಾಗ ನಿಂತು ತಗಸಿದ್ದರಿ ಅದು” ಎಂದರು. ಆಗ ನೋಡಿದರೆ ನಟರ ಕಾಲ ಬಳಿ ಒಂದೇ ದಿಕ್ಕಿಗೆ ಚಾಚಿದ ಉದ್ದನೆಯ ನೆರಳು ಸ್ಪಷ್ಟವಾಗಿಯೇ ಇದ್ದಿತು. ಅದನ್ನು ನಾವು ನೋಡಿರಲಿಲ್ಲ.

ಹಿರಿಯರ ಮಾತಿನಲ್ಲಿರುವ ಯುಕ್ತಿಯನ್ನು ಲೆಕ್ಕದಿಂದಲೂ ತೋರಿಸಬಹುದು. ಚಪ್ಪರದಡಿಯ ಅಟ್ಟವಾಗಲಿ, ಕಂಪನಿಗಳ ತಗಡಿನ ನಾಟಕಗೃಹವಾಗಲಿ, ಗ್ಯಾಸಬತ್ತಿಗಳಿಂದ ನಟನ ಮುಖದ ಮೇಲೆ 100 ಲಕ್ಸ್ ಬೆಳಕು ಬೀಳುತ್ತಿತ್ತೆಂದು ಉದಾರವಾಗಿಯೇ ಎಣಿಸೋಣ. ಇಂದಿನ ಅಳತೆಯಲ್ಲಿ 25 ಐಎಸ್‌ಒ ವೇಗದ ಗಾಜಿನ ಫಲಕವನ್ನೂ ಎಫ್ 4.5ರ ಮಸೂರವನ್ನೂ ಬಳಸಿದರೆ ಸುಮಾರು 2 ಸೆಕೆಂಡುಗಳ ಕಾಲ ಮಸೂರವನ್ನು ತೆರೆದಿರಬೇಕಾಗುತ್ತದೆ. ಅಷ್ಟರಲ್ಲಿ ಕೊರವಂಜಿಯ ವೇಷಧಾರಿ ಒಂದು ಸುತ್ತು ತಿರುಗಿರುತ್ತಾನೆ. ಫಲಕದಲ್ಲಿ ಉಳಿಯುವುದು ಮಸುಕಾದ ಒಂದು ಗೆರೆ ಮಾತ್ರ. ಆದುದರಿಂದ ನಟನು ಅಲುಗದೆ ನಿಲ್ಲಬೇಕು, ಇಲ್ಲವೆ ಬಿಸಿಲಿಗೆ ಬರಬೇಕು, ಇಲ್ಲವೆ ಸ್ಟುಡಿಯೊಕ್ಕೆ ಹೋಗಬೇಕು. ಈ ಗಡಿಭಾಗದ ರಸಿಕರಿಗೂ ಪ್ರಿಯರಾಗಿದ್ದ ಬಾಲಗಂಧರ್ವರ (1888–1967) ಸ್ತ್ರೀವೇಷದ ಪ್ರಸಿದ್ಧ ಚಿತ್ರಗಳಲ್ಲಿ ಹಲವು ಸ್ಟುಡಿಯೊದ ಚಿತ್ರಗಳೇ. ನಾವು ಪಾರಿಜಾತದ ಶೈಲಿಯೆಂದು ವರ್ಣಿಸಿದ ನಿಶ್ಚಲತೆಯು ಕ್ಯಾಮೆರಾದ ಮುಂದೆ ನಿಂತವರ ನಿಶ್ಚಲತೆ.

ಕತ್ತಲೆಯನ್ನು ಗೆಲ್ಲುವ ಪ್ರಯತ್ನಗಳು ನಡೆಯದೆ ಇರಲಿಲ್ಲ. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಮಿಶ್ರಿತ ಮಿಂಚುಪುಡಿಯು ಬಳಕೆಗೆ ಬಂದಿತು. 1930ರ ಸುಮಾರಿಗೆ ಮಿಂಚುಬಲ್ಬು ಬಂದಿತು. ಆದರೆ ಮಿಂಚಿನಿಂದ ತೆಗೆದ ಚಿತ್ರದಲ್ಲಿ ರಂಗದ ಬೆಳಕು ಉಳಿಯುವುದಿಲ್ಲ; ಮುಖವು ಚಪ್ಪಟೆಯಾಗಿ, ಹಿಂದಿನ ಪರದೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ಇರುವ ಬೆಳಕಿನಲ್ಲಿಯೇ ಚಿತ್ರ ತೆಗೆಯಲೆಂದು 1924ರಲ್ಲಿ ಎಫ್ 2ರ ಮಸೂರವುಳ್ಳ ಎರ್ಮಾನಾಕ್ಸ್ ಎಂಬ ಕ್ಯಾಮೆರಾ ಹೊರಬಂದಿತಾದರೂ ನಮ್ಮ ಹಳ್ಳಿಯ ಮೇಳಗಳಿಗೂ ಅದಕ್ಕೂ ಸಂಬಂಧವೆಲ್ಲಿಯದು? 400 ಐಎಸ್‌ಒ ವೇಗದ ಫಿಲ್ಮು ದೊರೆತ ಮೇಲೆ ಅದೇ 100 ಲಕ್ಸ್ ಬೆಳಕಿನಲ್ಲಿ, ಎಫ್ 2ರ ಮಸೂರದಿಂದ ಸೆಕೆಂಡಿನ 40ನೆಯ ಒಂದು ಭಾಗದಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಯಿತು.

ಬಣ್ಣದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಿಂದೆ ಸಾಮಾನ್ಯವಾಗಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಲಕಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕುಂಕುಮವೂ ಕೆಂಪು ಸೀರೆಯೂ ಕಪ್ಪಾಗಿ ಬೀಳುತ್ತಿದ್ದುವು. ನೀಲಿಯು ಬಿಳುಪಿನ ಕಡೆಗೆ ವಾಲುತ್ತಿದ್ದಿತು. ಇಂಥ ಚಿತ್ರವನ್ನು ನೋಡಿ ಸತ್ಯಭಾಮೆಯು ಕಪ್ಪು ಸೀರೆ ಉಡುತ್ತಿದ್ದಳೆಂದು ಬರೆಯುವುದು ಇತಿಹಾಸವಲ್ಲ.

ಇಂದಿನ ಡಿಜಿಟಲ್ ಚಿತ್ರಗಳು ಈ ದೋಷದಿಂದ ಮುಕ್ತವೆಂದು ಭಾವಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. 3200 ಐಎಸ್‌ಒದಲ್ಲಿ, ಎಫ್ 2.8ರ ಮಸೂರದಿಂದ, ಅದೇ ಬೆಳಕಿನಲ್ಲಿ ಸೆಕೆಂಡಿನ 160ನೆಯ ಒಂದು ಭಾಗದಲ್ಲಿ ಚಿತ್ರ ದೊರೆಯುತ್ತದೆ. ತಿರುಗುವ ಕೊರವಂಜಿಯೂ ಬಹುಮಟ್ಟಿಗೆ ಸ್ಥಿರವಾಗಿ ಕಾಣುತ್ತಾಳೆ. ಆದರೆ ಯಂತ್ರವು ತಾನಾಗಿಯೇ ದೀಪದ ಹಳದಿಯನ್ನು ತೊಳೆದು, ಕತ್ತಲ ಮೂಲೆಯನ್ನು ಬೆಳಗಿಸಿಬಿಡುತ್ತದೆ. ಹಳೆಯ ಚಿತ್ರವು ರಾತ್ರಿಯನ್ನು ಬಿಟ್ಟು ಹಗಲನ್ನು ತೋರಿಸಿತು; ಹೊಸತು ರಾತ್ರಿಯನ್ನೇ ಹಗಲಾಗಿಸುತ್ತದೆ. ಏಣಗಿ ಬಾಳಪ್ಪನವರಂಥ (1914–2017) ನಟರ ಒಂದೇ ಆಯುಷ್ಯದಲ್ಲಿ ಗಾಜಿನ ಫಲಕದಿಂದ ಡಿಜಿಟಲ್ ಕ್ಯಾಮೆರಾದವರೆಗಿನ ಸಾಧನಗಳೆಲ್ಲವೂ ಬಂದುವು. ಅಂಥವರ ಎರಡು ಕಾಲದ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಅಭಿನಯದ ಬೆಳವಣಿಗೆಯನ್ನು ಹೇಳಹೊರಟರೆ, ಹೇಳುವುದು ಸಾಧನಗಳ ಬೆಳವಣಿಗೆಯಾದೀತು.

ಹಾಗಾದರೆ ಹಳೆಯ ಚಿತ್ರಗಳನ್ನು ಬಿಸುಡಬೇಕೆಂಬುದು ನಮ್ಮ ವಾದವಲ್ಲ. ಚಿತ್ರವು ಸುಳ್ಳು ಹೇಳಿಲ್ಲ, ಅಡಿಬರಹವು ಹೇಳಿದೆ. ಬೇಡಕಿಹಾಳದ ಚಿತ್ರವನ್ನೇ ‘ಆಟದ ಮರುದಿನ ಬೆಳಗ್ಗೆ’ ಎಂದು ಓದಿದಾಗ, ಮೊದಲು ಕಾಣದಿದ್ದ ಸಂಗತಿಗಳು ಕಂಡುವು. ಕೃಷ್ಣನ ಕೆನ್ನೆಯ ಬಣ್ಣ ಬೆವರಿನಿಂದ ಹರಿದಿದೆ. ಸತ್ಯಭಾಮೆಯ ಕಣ್ಣು ನಿದ್ದೆಗೆಟ್ಟು ಬಾತಿದೆ. ರಾತ್ರಿಯೆಲ್ಲ ಆಡಿ, ಬಣ್ಣ ತೊಳೆಯುವ ಮೊದಲು ಒಂದು ಪಟಕ್ಕಾಗಿ ಬಿಸಿಲಿಗೆ ಬಂದು ನಿಂತ ಇಬ್ಬರ ದಣಿವಿಗೆ ಅದು ನೇರವಾದ ಸಾಕ್ಷ್ಯ. ಅಭಿನಯವನ್ನು ತಿಳಿಯಲು ಹಾಡಿನ ಕೈಬರಹಗಳಿಗೂ ಹಿರಿಯರ ಬಾಯಿಮಾತಿಗೂ ಹೋಗಬೇಕು.

ಆದಕಾರಣ ನಮ್ಮ ಸೂಚನೆ ಇಷ್ಟು. ಸಂಗ್ರಹಕ್ಕೆ ಬರುವ ಪ್ರತಿಯೊಂದು ರಂಗಚಿತ್ರದ ಹಿಂದೆ ಅದನ್ನು ರಂಗದ ಮೇಲೆ, ಸ್ಟುಡಿಯೊದಲ್ಲಿ ಅಥವಾ ಬಯಲಿನಲ್ಲಿ ತೆಗೆದದ್ದೆಂಬುದನ್ನೂ, ಆಟದ ನಡುವೆಯೋ ಆಚೆಯೋ ಎಂಬುದನ್ನೂ, ಬೆಳಕು ಯಾವುದೆಂಬುದನ್ನೂ ಬರೆದಿಡಬೇಕು. ಹೊಸ ಚಿತ್ರಗಳಾದರೆ ಕ್ಯಾಮೆರಾದ ಅಂಕಿಗಳನ್ನೂ ತಿದ್ದುಪಡಿಗಳನ್ನೂ ಸೇರಿಸಬೇಕು. ಹಳೆಯ ಚಿತ್ರಗಳ ಬಗೆಗೆ ಉತ್ತರ ಹೇಳಬಲ್ಲವರು ಚಿತ್ರದಲ್ಲಿರುವವರ ಮಕ್ಕಳು, ಜೊತೆಗಾರರು, ಅವರಿಗೀಗ ವಯಸ್ಸಾಗಿದೆ. ನಾವು ಎರಡು ವರ್ಷ ತಡಮಾಡಿ ಕೇಳಿದ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಮೊದಲ ದಿನವೇ ಕೇಳಲಿ ಎಂಬುದಕ್ಕಾಗಿ ನಮ್ಮ ತಪ್ಪನ್ನೇ ಇಲ್ಲಿ ನಿದರ್ಶನವಾಗಿ ಮುಂದಿಟ್ಟಿದ್ದೇವೆ.