‘ಬೀಸು’ ಎಂದರೆ ‘ಎಸೆ’ಯೆ? ಹುಣಸಗಿ ಸೀಮೆಯ ಬಳಕೆಯಿಂದ ಒಂದು ಆಕ್ಷೇಪ

‘ಬೀಸು’ ಧಾತುವಿಗೆ ತಿರುಗಿಸು, ಎಸೆ, ಗಾಳಿ ಹಾಕು, ಹಿಟ್ಟು ಮಾಡು ಎಂಬ ಅರ್ಥಗಳನ್ನು ಸಾಲಾಗಿ ಕೊಡುವುದು ನಿಘಂಟುಗಳ ರೂಢಿ. ಈ ಸಾಲಿನಲ್ಲಿರುವ ‘ಎಸೆ’ಯನ್ನು ನಾವು ಒಪ್ಪುವುದಿಲ್ಲ. ಅದು ಧಾತುವಿನ ಅರ್ಥವಲ್ಲ. ಕೆಲವು ಸಂದರ್ಭಗಳಲ್ಲಿ ಕೇಳುಗನು ಮಾಡಿಕೊಳ್ಳುವ ಊಹೆ.

ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ಜೋಳದ ತೆನೆಗೆ ಎರಗುವ ಹಕ್ಕಿಗಳನ್ನು ಓಡಿಸುವವನು ‘ಕವಣಿ ಬೀಸಿ ಕಲ್ಲ ಒಗದ’. (ಇಲ್ಲಿ ‘ಒಗಿ’ ಎಂದರೆ ಎಸೆ, ಮೈಸೂರು ಕಡೆಯವರು ಬಟ್ಟೆಯನ್ನು ಮಾತ್ರ ಒಗೆಯುತ್ತಾರೆ.) ಬೀಸುವುದಕ್ಕೆ ಕರ್ಮ ಕೈಯಲ್ಲಿಯೇ ಉಳಿಯುವ ಕವಣೆ, ಒಗೆಯುವುದಕ್ಕೆ ಕರ್ಮ ಕೈಬಿಟ್ಟು ಹೋಗುವ ಕಲ್ಲು. ‘ಕವಣಿ ಒಗದ’ ಎಂದರೆ ಕವಣೆಯನ್ನೇ ಬಿಸಾಡಿದನೆಂದಾಗುತ್ತದೆ. ‘ಬೀಸು’ವಿನಲ್ಲಿಯೇ ಎಸೆಯುವ ಅರ್ಥವಿದ್ದಿದ್ದರೆ ‘ಬೀಸಿ ಒಗಿ’ ಎಂಬ ಪ್ರಯೋಗ ಪುನರುಕ್ತಿಯಾಗಬೇಕಿತ್ತು. ಹಾಗಾಗಿಲ್ಲ, ಅಲ್ಲಿ ‘ಬೀಸಿ’ ರೀತಿಯನ್ನು ಹೇಳಿದರೆ ‘ಒಗಿ’ ಬಿಡುಗಡೆಯನ್ನು ಹೇಳುತ್ತದೆ. ನಿರಾಕರಣೆಯ ಪರೀಕ್ಷೆಯೂ ಇದನ್ನೇ ತೋರಿಸುತ್ತದೆ. ‘ಕವಣಿ ಬೀಸಿದ, ಕಲ್ಲ ಬಿಡಲಿಲ್ಲ’ ಎಂಬುದು ಸಹಜ. ‘ಕಲ್ಲ ಒಗದ, ಕಲ್ಲ ಕೈ ಬಿಡಲಿಲ್ಲ’ ಎಂಬುದು ವಿರೋಧಾಭಾಸ.

ಕೈ ಅಥವಾ ವಸ್ತು ಕಮಾನಿನಂತೆ, ಇಲ್ಲವೆ ಸುತ್ತಾಗಿ, ಸಾಗುವ ಚಲನೆಯೇ ಧಾತುವಿನ ತಿರುಳು ಎಂದರೆ ಚಾಟಿ, ಬೀಸಣಿಕೆ, ಬೀಸುಕಲ್ಲು ಒಂದೇ ಕ್ರಿಯಾಪದದ ಕೆಳಗೆ ಸಲೀಸಾಗಿ ಬರುತ್ತವೆ. ಬೀಸುಕಲ್ಲಿನಲ್ಲಿ ಗೂಟ ಹಿಡಿದ ಕೈ ಅದನ್ನು ಬಿಡುವುದೇ ಇಲ್ಲ. ‘ಎಸೆ’ಯನ್ನು ಮುಂದಿಟ್ಟವರು ಜೋಳ ಬೀಸುವುದನ್ನು ಬೇರೊಂದು ಸಮರೂಪಿ ಧಾತುವೆಂದು ಎಣಿಸಬೇಕಾಗುತ್ತದೆ. ನಮ್ಮ ತಕರಾರು ಮುಖ್ಯವಾಗಿ ಇದರ ಮೇಲೆಯೇ.

‘ಬಿಸಾಡು’ವನ್ನು ಪ್ರತಿಸಾಕ್ಷಿಯಾಗಿ ತರಬಹುದು. ಆದರೆ ಅದರ ಹಿಂದಿರುವುದು ಹಳಗನ್ನಡದ ‘ಬಿಸುಡು’. ‘ಬಿಸುಟು’ ಎಂಬ ಅದರ ಭೂತರೂಪವೇ ಬೇರೆ. ‘ಬಲೆ ಬೀಸು’ ಇದಕ್ಕಿಂತ ಕಠಿಣವಾದ ಉದಾಹರಣೆ, ಏಕೆಂದರೆ ನಾರಾಯಣಪುರದ ಹಿನ್ನೀರಿನಲ್ಲಿ ಬೀಸಿದ ಬಲೆ ನಿಜವಾಗಿಯೂ ಕೈಬಿಟ್ಟು ಹೋಗುತ್ತದೆ. ಆದರೂ ಅದರ ಹಗ್ಗ ಬೆಸ್ತನ ಕೈಯಲ್ಲಿಯೇ ಇರುತ್ತದೆ. ‘ಕಲ್ಲು ಬೀಸಿದ’ ಎಂಬ ಬರಹದ ಪ್ರಯೋಗಕ್ಕೆ ನಮ್ಮಲ್ಲಿ ಇಷ್ಟು ಸುಲಭದ ಉತ್ತರವಿಲ್ಲ. ಅಲ್ಲಿ ಊಹೆ ಅರ್ಥವಾಗಿ ನೆಲೆಗೊಳ್ಳುತ್ತಿದೆ ಎಂದು ಒಪ್ಪಬೇಕು.

ತಮಿಳಿನ ‘ವೀಸು’ ಆ ದಾರಿಯಲ್ಲಿ ಬಹಳ ಮುಂದೆ ಹೋಗಿದೆ: ಕ್ರಿಕೆಟ್ಟಿನ ಬೌಲಿಂಗ್ ಅಲ್ಲಿ ‘ಪಂದುವೀಚ್ಚು’. ಕನ್ನಡದ ಆಟದ ವರದಿಗಳಲ್ಲಿ ಬೌಲರ್‌ನದು ‘ಎಸೆತ’. ಬೀಸುವವನು ಬ್ಯಾಟ್ಸ್‌ಮನ್, ಬ್ಯಾಟು ಅವನ ಕೈಯಲ್ಲಿಯೇ ಉಳಿಯುತ್ತದೆ. ಜ್ಞಾತಿಪದಗಳಿಗೆ ಒಂದೇ ಅರ್ಥವಿವರಣೆಯನ್ನು ಹೊಂದಿಸುವ ಮೊದಲು ಈ ವ್ಯತ್ಯಾಸವನ್ನು ದಾಖಲಿಸಬೇಕು.