ಸುತ್ತು ಹಾಕುವವರು, ಊರು ಸೇರುವವರು

ಈ ವಾರ ಟೈರಿನ ಅಗಲದ ಬಗ್ಗೆ ಬರೆಯುವುದಾಗಿ ಮಾತು ಕೊಟ್ಟಿದ್ದೆ. 28 ಮಿಲಿಮೀಟರೋ 40 ಮಿಲಿಮೀಟರೋ ಎಂಬ ಜಗಳ ಇನ್ನೊಂದು ವಾರ ಕಾದರೆ ಯಾರ ಗಂಟೂ ಹೋಗುವುದಿಲ್ಲ. ಅಷ್ಟರಲ್ಲಿ ಓದುಗರೊಬ್ಬರು ಅಡ್ಡಗಟ್ಟಿ ಕೇಳಿದರು: "ಅಲ್ಲಾ ಸಾರ್, ಇಲ್ಲೇ ದುಬೈನ ಅಲ್ ಕುದ್ರಾದಲ್ಲಿ ಕಾರುಗಳ ಕಾಟವೇ ಇಲ್ಲದ ಟ್ರ್ಯಾಕ್ ಇದೆ. ಅದನ್ನು ಬಿಟ್ಟು ಷೆಂಗೆನ್ ವೀಸಾ ಮಾಡಿಸಿಕೊಂಡು ಫ್ರಾನ್ಸಿನ ಕಾಲುವೆ ದಂಡೆ ಮೇಲೆ ಸೈಕಲ್ ಹೊಡೆಯೋದು ಯಾವ ಸುಖಕ್ಕೆ?"

ಸುಖ ಇದೆ. ಹೇಳುತ್ತೇನೆ. ಮೊದಲು ದೇರಾದ ನಮ್ಮ ಮುರಕ್ಕಬಾತ್‌ನ ಮಾತು ಮುಗಿಸಿಬಿಡೋಣ. ಇಲ್ಲಿ ಸೈಕಲ್ ಶೋಕಿಯ ವಸ್ತು ಆಗಿರುವುದು ನನ್ನಂಥ ನಾಲ್ಕು ಜನಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅದು ದುಡಿಮೆಯ ಗಾಡಿ. ಎರಡು ಲೀಟರ್ ಹಾಲು, ಕುಬ್ಬೂಸ್ ಕಟ್ಟು, ಇಸ್ತ್ರಿ ಮಾಡಿದ ಅಂಗಿಗಳನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಗ್ರೋಸರಿ ಹುಡುಗರು ರಿಗ್ಗಾದ ಸಂದಿಗಳಲ್ಲಿ ಎದುರು ದಿಕ್ಕಿನಿಂದ ನುಗ್ಗಿ ಬರುತ್ತಾರೆ. ನಾನು ಹೆಲ್ಮೆಟ್ಟು, ಕನ್ನಡಕ, ಬಿಗಿಯಾದ ಚಡ್ಡಿ ತೊಟ್ಟು ಲಿಫ್ಟಿನಲ್ಲಿ ಸೈಕಲ್ ಇಳಿಸುವಾಗ ನಮ್ಮ ಕಟ್ಟಡದ ಕಾವಲಿನ ನಾತೂರ್ ನೋಡುವ ನೋಟದಲ್ಲಿ ಕನಿಕರವಿರುತ್ತದೆ. ಏನೂ ತಲುಪಿಸಬೇಕಾಗಿಲ್ಲದ ಮನುಷ್ಯ ಬೆಳಗಿನ ಜಾವ ಎದ್ದು ಯಾಕೆ ಪೆಡಲ್ ತುಳಿಯಬೇಕು ಎನ್ನುವುದು ಅವನಿಗೆ ಬಗೆಹರಿದಿಲ್ಲ. ದುಬೈನ 2022ರ ಸೈಕಲ್ ನಿಯಮದ ಪ್ರಕಾರ ವೇಗಮಿತಿ ಗಂಟೆಗೆ 60 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚಿರುವ ರಸ್ತೆಗೆ ಸೈಕಲ್ ಇಳಿಸುವಂತಿಲ್ಲ. ಹಾಗಾಗಿ ದೇರಾದ ಶೋಕಿ ಸವಾರ ಮೊದಲು ಕಾರಿನ ಬೆನ್ನಿಗೆ ಸೈಕಲ್ ಕಟ್ಟಬೇಕು, ಕಾರಿಲ್ಲದ ದಾರಿಯನ್ನು ಹುಡುಕಿಕೊಂಡು ಕಾರಿನಲ್ಲೇ ಹೋಗಬೇಕು.

ಅಲ್ ಕುದ್ರಾವನ್ನು ನಾನು ಹಳಿಯುವುದಿಲ್ಲ. ಎಲ್ಲ ಸೇರಿ ಸುಮಾರು 86 ಕಿಲೋಮೀಟರ್, ಕೇರಂ ಹಲಗೆಯಂಥ ನುಣುಪು, ಒಮ್ಮೊಮ್ಮೆ ಅಡ್ಡ ಬಂದು ನಿಲ್ಲುವ ಓರಿಕ್ಸ್. ನವೆಂಬರಿನಿಂದ ಮಾರ್ಚ್‌ವರೆಗೆ ಅದರಷ್ಟು ಒಳ್ಳೆಯ ಡಾಂಬರು ಹಾಸು ಈ ಕಡೆ ಇನ್ನೊಂದಿಲ್ಲ. ಆದರೆ ಅದು ಎಲ್ಲಿಗೂ ಹೋಗುವುದಿಲ್ಲ. ಸೈಹ್ ಅಲ್ ಸಲಾಮ್ ಮರಳುಗಾಡಿನೊಳಗೆ ಐವತ್ತು ಚಿಲ್ಲರೆ ಕಿಲೋಮೀಟರ್ ಸುತ್ತಿ ಹೊರಟಲ್ಲಿಗೇ ತಂದು ಬಿಡುತ್ತದೆ. ನಾದ್ ಅಲ್ ಶೆಬಾದಲ್ಲೂ ಅದೇ ಕಥೆ. ಅಬುಧಾಬಿಗೆ ಹೋದರೆ ಅಲ್ ವತ್ಬಾ, ಅಲ್ಲೂ ಸುತ್ತೇ. ಯಾಸ್ ಮರೀನಾದ ರೇಸಿನ ಟ್ರ್ಯಾಕನ್ನು ಕೆಲವು ಸಂಜೆ ಸೈಕಲ್ಲಿಗೆ ಬಿಟ್ಟುಕೊಡುತ್ತಾರೆ, ಅದಂತೂ ಕಾರುಗಳೇ ಸುತ್ತು ಹಾಕುವ ಜಾಗ. ಇಲ್ಲಿನ ಸವಾರರ ಮಾತಿನಲ್ಲೂ ಸುತ್ತೇ ತುಂಬಿದೆ: ಎಷ್ಟು ಲೂಪ್, ಎಷ್ಟು ಸರಾಸರಿ, ಎಷ್ಟು ವ್ಯಾಟ್. ಯಾವ ಊರು ಎಂದು ಯಾರೂ ಕೇಳುವುದಿಲ್ಲ, ದಾರಿಯಲ್ಲಿ ಊರೇ ಇಲ್ಲವಲ್ಲ.

ಸುತ್ತು ಹಾಕುವವರು, ಊರು ಸೇರುವವರು ಎಂಬ ಎರಡು ಪಂಗಡಗಳ ಜಗಳ ನೂರು ವರ್ಷಕ್ಕೂ ಹಳೆಯದು. ನಾನು ಯಾರ ಪಕ್ಷ ಎಂದು ಈ ಅಂಕಣದ ಹಳಬರಿಗೆ ಗೊತ್ತು. ಒಂದು ಕಡೆ 1903ರಲ್ಲಿ ಟೂರ್ ಡಿ ಫ್ರಾನ್ಸ್ ಶುರು ಮಾಡಿದ ಆಂರಿ ದೆಗ್ರಾಂಜ್. ಇಡೀ ದೇಶಕ್ಕೆ ಪ್ರದಕ್ಷಿಣೆ ಹಾಕಿಸಿ ಮತ್ತೆ ಪ್ಯಾರಿಸ್ಸಿಗೇ ತಂದು ನಿಲ್ಲಿಸಿದವನು. ಸುತ್ತು ಹಾಕುವವರ ಮೂಲಪುರುಷ. ಇನ್ನೊಂದು ಕಡೆ ಸೇಂತ್-ಎತಿಯೆನ್ನಿನ ರೇಷ್ಮೆ ವ್ಯಾಪಾರಿ ಪಾಲ್ ದ ವಿವಿ. 1887ರಲ್ಲಿ 'ಲ ಸೈಕ್ಲಿಸ್ಟ್' ಪತ್ರಿಕೆ ಆರಂಭಿಸಿ, ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು. ಸೈಕಲ್ ಪ್ರವಾಸ ಎಂಬ ಕಲ್ಪನೆಗೇ ಫ್ರಾನ್ಸಿನಲ್ಲಿ ರೂಪ ಕೊಟ್ಟವರು. ಬೆಟ್ಟದೂರಿನ ಮನುಷ್ಯ, ಒಂದೇ ಗೇರಿನ ಸೈಕಲ್ಲು ಸಾಮಾನ್ಯನನ್ನು ಊರೊಳಗೇ ಕಟ್ಟಿಹಾಕುತ್ತದೆ ಎಂದು ಅವರಿಗೆ ಅರ್ಥವಾಗಿತ್ತು. ಗೇರು ಬದಲಿಸುವ ಏರ್ಪಾಡಿಗಾಗಿ ಜೀವನಪೂರ್ತಿ ವಾದಿಸಿದರು.

1902ರಲ್ಲಿ ಗುಡ್ಡಗಾಡಿನ ದಾರಿಯಲ್ಲಿ ಒಂದು ಪರೀಕ್ಷೆಯೇ ನಡೆಯಿತು. ಒಂದೇ ಗೇರಿನ ಮೇಲೆ ಎದುವಾರ್ ಫಿಶರ್ ಎಂಬ ಚಾಂಪಿಯನ್, ಮೂರು ಗೇರಿನ ಮೇಲೆ ಮಾರ್ತ್ ಹೆಸ್ ಎಂಬ ಹೆಣ್ಣುಮಗಳು. ಗೆದ್ದದ್ದು ಹೆಸ್. ದೆಗ್ರಾಂಜ್ ಒಪ್ಪಿದನೇ? ಗೇರುಗಳು ನಲವತ್ತೈದು ದಾಟಿದವರಿಗಿರಲಿ, ಗಂಡಸರ ಗೆಲುವು ತೊಡೆಯ ಬಲದಿಂದ ಬರಬೇಕು ಎಂದು ಮೂಗು ಮುರಿದ. ಅವನ ಟೂರ್‌ನಲ್ಲಿ ಗೇರು ಬದಲಿಸುವ ಡೆರೈಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ, ಅವನು ಉಸ್ತುವಾರಿ ಬಿಟ್ಟ ಮೇಲೆ. ನಲವತ್ತೈದನ್ನು ಯಾವಾಗಲೋ ದಾಟಿರುವ ನಾನು ಈ ಮಾತನ್ನು ಸ್ವಂತಕ್ಕೇ ತೆಗೆದುಕೊಂಡಿದ್ದೇನೆ.

ವೆಲೋಸಿಯೋ ತಮ್ಮ ಓದುಗರಿಗೆ ಏಳು ನೇಮಗಳನ್ನು ಹಾಕಿಕೊಟ್ಟಿದ್ದರು. ಓದಿದಾಗಲೆಲ್ಲ ಅವನ್ನು ದುಬೈಗಾಗಿಯೇ ಬರೆದರೇನೋ ಅನ್ನಿಸುತ್ತದೆ. ಬಾಯಾರುವ ಮೊದಲೇ ನೀರು, ಹಸಿಯುವ ಮೊದಲೇ ತುತ್ತು ಎಂಬುದು ಒಂದು. ಅಲ್ ಕುದ್ರಾದಲ್ಲಿ ಇದನ್ನು ಮರೆತವನನ್ನು ಇನ್ಯಾರೋ ಎತ್ತಿಕೊಂಡು ಬರಬೇಕಾಗುತ್ತದೆ. ನಿಲುಗಡೆ ಕಡಿಮೆಯಿರಲಿ, ಚಿಕ್ಕದಿರಲಿ ಎನ್ನುವುದು ಇನ್ನೊಂದು; ಇದನ್ನು ನಾನು ಪಾಲಿಸಿದವನಲ್ಲ, ಕರಕ್ ಚಹಾ ಸಿಗುವ ದೇಶದಲ್ಲಿದ್ದುಕೊಂಡು ಪಾಲಿಸುವ ಇರಾದೆಯೂ ಇಲ್ಲ. ಊಟ ನಿದ್ದೆ ಕೆಡುವಷ್ಟು ದಣಿಯಬಾರದು. ಚಳಿ ಹತ್ತುವ ಮೊದಲೇ ಹೊದೆಯಬೇಕು, ಸೆಕೆ ಹತ್ತುವ ಮೊದಲೇ ಕಳಚಬೇಕು. ಸವಾರಿಯಲ್ಲಿ ಹೆಂಡ, ಮಾಂಸ, ಹೊಗೆಸೊಪ್ಪು ಬೇಡ. ಮೊದಲ ಗಂಟೆಗಳಲ್ಲಿ ಮೈಮೇಲೆ ಬಂದವರಂತೆ ತುಳಿಯಬೇಡ. ಏಳನೆಯದು, ಜಂಭಕ್ಕಾಗಿ ಎಂದೂ ಪೆಡಲ್ ತುಳಿಯಬೇಡ ಎಂಬುದು. ಆರನ್ನು ಎಲ್ಲರೂ ಒಪ್ಪುತ್ತಾರೆ. ಏಳನೆಯದನ್ನು ಶನಿವಾರ ಬೆಳಿಗ್ಗೆ ಟ್ರ್ಯಾಕಿನ ಬಾಗಿಲಲ್ಲಿ ಓದಿ ಹೇಳಿದರೆ ಅರ್ಧ ಜನ ಮನೆಗೆ ಮರಳಬೇಕಾದೀತು.

ಈ ಮನುಷ್ಯ ಸತ್ತದ್ದು 1930ರಲ್ಲಿ, ತಮ್ಮೂರಿನ ಬೀದಿಯಲ್ಲಿ, ಸೈಕಲ್ ತಳ್ಳಿಕೊಂಡು ದಾಟುವಾಗ ಟ್ರಾಮಿಗೆ ಸಿಕ್ಕಿ.

ಇನ್ನು ಕಾಲುವೆ. ಕನಾಲ್ ದು ಮಿದಿ ತುಲೂಸಿನಿಂದ ಮೆಡಿಟರೇನಿಯನ್ ಅಂಚಿನ ತೋ ಸರೋವರದವರೆಗೆ 240 ಕಿಲೋಮೀಟರ್. ಅದನ್ನು ತೋಡಿಸಿದ ಪಿಯೆರ್-ಪಾಲ್ ರಿಕೆ ಎಂಜಿನಿಯರನಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. 1666ರಲ್ಲಿ ರಾಜಾಜ್ಞೆ, 1681ರಲ್ಲಿ ಕಾಲುವೆ ಪೂರ್ತಿ. ಅದಕ್ಕೆ ಕೆಲವೇ ತಿಂಗಳು ಮೊದಲು ರಿಕೆ ತೀರಿಕೊಂಡಿದ್ದ. ಸೈಕಲ್ಲಿನವನಿಗೆ ಬೇಕಾದ್ದು ಅದರ ದಂಡೆ. ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ ಆ ದಾರಿಯಲ್ಲಿ ಬಂಡಿಗೂ ಕೆಲಸವಿರಲಿಲ್ಲ, ಕಾರಿಗೂ ಇಲ್ಲ. ನಿಂತ ನೀರು ಇಳಿಜಾರನ್ನು ಸಹಿಸುವುದಿಲ್ಲ. ಹಾಗಾಗಿ ಲಾಕ್‌ಗೇಟುಗಳ ನಡುವಿನ ದಾರಿ ಪೂರಾ ಮಟ್ಟಸ. ಬೆಜಿಯೆಯ ಫೋನ್ಸೆರಾನ್ ಮೆಟ್ಟಿಲುಗೇಟುಗಳಿಗೆ ಮುಂಚೆ 54 ಕಿಲೋಮೀಟರ್ ಉದ್ದಕ್ಕೆ ಒಂದೂ ಗೇಟಿಲ್ಲ. ಕಾಲುವೆ ಗುಡ್ಡದ ಮಗ್ಗುಲಲ್ಲಿ ದ್ರಾಕ್ಷಿ ತೋಟಗಳನ್ನು ಬಳಸಿ, ಕಾಪ್‌ಸ್ತಾಂಗ್ ಊರಿನ ಬಗಲಲ್ಲಿ ಹಾದು ಹೋಗುತ್ತದೆ. ನೇರ ಹೋದರೆ ಅರ್ಧ ದಿನ, ಬಳಸಿ ಹೋದರೆ ಪೂರ್ತಿ ದಿನ, ದಾರಿಯುದ್ದಕ್ಕೂ ಬ್ರೆಡ್ಡು ಬೇಯಿಸುವ ಊರುಗಳು. ಓದುಗರು ಕೇಳಿದ ಸುಖ ಇದೇ.

ದಂಡೆಯ ಪ್ಲೇನ್ ಮರಗಳನ್ನು ಜನ ನೆರಳಿಗಾಗಿ ಹೊಗಳುತ್ತಾರೆ. ಶಮಾಲ್ ಗಾಳಿಗೆ ಎದೆಯೊಡ್ಡಿ ತುಳಿದ ನಮಗೆ ಗೊತ್ತು, ಮಟ್ಟಸ ನೆಲದಲ್ಲಿ ಗಾಳಿಯೇ ಬೆಟ್ಟ. ಆ ಮರಗಳು ಅದನ್ನು ಮುರಿಯುತ್ತವೆ. ಸುಮಾರು 42,000 ಇದ್ದವು. 2006ರಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗಕ್ಕೆ ಸಿಕ್ಕ ಸಾವಿರಾರು ಮರಗಳನ್ನು ಕಡಿದು ಸುಟ್ಟು, ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಮದ್ದುಗುಂಡಿನ ಪೆಟ್ಟಿಗೆಗಳ ಮರದಲ್ಲಿ ಆ ರೋಗ ಫ್ರಾನ್ಸಿಗೆ ಬಂತೆಂದು ನಂಬಿಕೆ. ಹೋಗುವವರು ಬೇಗ ಹೋಗಿ.

ನಮ್ಮವರಿಗೆ ಅನುಕೂಲದ ದಾರಿ ಹೀಗೆ: ದುಬೈನಿಂದ ಲಿಯೋಂಗೆ ನೇರ ವಿಮಾನವಿದೆ. ಅಲ್ಲಿ ರೋನ್ ನದಿಯ ಪಕ್ಕ ಜಿನೀವಾ ಸರೋವರದಿಂದ ಸಮುದ್ರದವರೆಗೆ 815 ಕಿಲೋಮೀಟರಿನ ವಿಯಾರೋನಾ ದಾರಿಯಿದೆ. ಉತ್ತರದ ಮಿಸ್ತ್ರಾಲ್ ಗಾಳಿ ಬೆನ್ನಿಗಿರುತ್ತದೆ, ತೋ ಸರೋವರದ ದಂಡೆಯ ಸೆತ್‌ವರೆಗೆ ತೇಲಿಕೊಂಡು ಹೋಗಬಹುದು. ಅಲ್ಲಿಂದ ಕಾಲುವೆ ಹಿಡಿದು ತುಲೂಸಿಗೆ ಹೊರಟರೆ ಪಡುವಣದ ಸೆರ್ಸ್ ಗಾಳಿ ಮೂತಿಗೆ ಬಡಿಯುತ್ತದೆ. ಸೆತ್‌ನಲ್ಲಿ ರೈಲು ಹತ್ತಿ ತುಲೂಸಿಗೆ ಹೋಗಿ, ಕಾಲುವೆಯ ಜೊತೆ ಮೂಡಣಕ್ಕೆ ಬನ್ನಿ. ತುಲೂಸಿನಿಂದ ಐವತ್ತು ಕಿಲೋಮೀಟರ್ ಡಾಂಬರು, ಆಮೇಲೆ ಬೇರುಗಳು ಎದ್ದ ಮಣ್ಣಿನ ದಾರಿ. 28 ಮಿಲಿಮೀಟರ್ ಪಂಗಡದವರಿಗೆ ಉತ್ತರ ಸಿಕ್ಕಿತಲ್ಲ?

ದುಬೈಗೂ ಕಾಲುವೆ ಇದೆ, ಮರೆತಿಲ್ಲ. 2016ರ ನವೆಂಬರಿನಲ್ಲಿ ತೆರೆದ 3.2 ಕಿಲೋಮೀಟರಿನ ದುಬೈ ವಾಟರ್ ಕನಾಲ್, ಬಿಸಿನೆಸ್ ಬೇಯಿಂದ ಜುಮೈರಾ ಕಡಲಿಗೆ. ದಂಡೆಯಲ್ಲಿ ತುಳಿಯಲು ಜಾಗವಿದೆ, ಶೇಖ್ ಜಾಯೆದ್ ರಸ್ತೆಯ ಸೇತುವೆಯಿಂದ ಸುರಿಯುವ ಜಲಪಾತವಿದೆ. ಉಪ್ಪುನೀರು, ಒಂದು ಗದ್ದೆಯನ್ನೂ ಅದು ಕಂಡಿಲ್ಲ. ಇಲ್ಲಿ ತುಳಿಯುವಾಗಲೆಲ್ಲ ನನ್ನ ತಲೆಯಲ್ಲಿ ಓಡುವುದು ಬೇರೆಯೇ ನೀರು.

ಅದು ಮಂಡ್ಯದ ವಿ.ಸಿ. ನಾಲೆ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಹಿಂದೆ ಇರ್ವಿನ್ ನಾಲೆ. ಏರಿಯ ಮೇಲೆ ದಾರಿ, ಒಂದು ಮಗ್ಗುಲಲ್ಲಿ ಭತ್ತ, ಇನ್ನೊಂದರಲ್ಲಿ ಕಬ್ಬು, ಆಲೆಮನೆಯ ಹೊಗೆ, ತೂಬಿನ ಬಳಿ ನೀರುಗಂಟಿ. ಊರಿಂದೂರಿಗೆ ನಿಜವಾಗಿ ಹೋಗುವ ದಾರಿ. ಫ್ರಾನ್ಸಿನವರು ಆ ಏರಿಗೆ ಹಣ ಸುರಿದು ನಕಾಶೆ ಮಾರುತ್ತಿದ್ದರು. ನಮ್ಮಲ್ಲಿ ಎಷ್ಟೋ ಕಡೆ ಅದೇ ಏರಿಯ ಮೇಲೆ ಟ್ರ್ಯಾಕ್ಟರು, ಬಸ್ಸು, ಸೈಕಲ್ಲು, ಶಾಲೆಯ ಮಕ್ಕಳು ಎಲ್ಲರೂ, ತಡೆಗೋಡೆಯಿಲ್ಲದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಹೋದರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ದರು. ಒಂದು ದಂಡೆ ವಾಹನಕ್ಕೆ ಗೋಡೆಯೊಡನೆ, ಇನ್ನೊಂದು ದಂಡೆ ಸೈಕಲ್ಲಿಗೂ ಕಾಲ್ನಡಿಗೆಗೂ. ಇಷ್ಟು ಕೇಳಲು ಪ್ರವಾಸೋದ್ಯಮದ ನೆಪ ಬೇಕಾಗಿಲ್ಲ.

ರಜೆಗೆ ಊರಿಗೆ ಹೋಗುವವರು ಸರದಿಯ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಿರುವ ದಿನಗಳನ್ನು ವಿಚಾರಿಸಿಕೊಂಡು, ಬಸ್ಸು ಓಡಾಡದ ತುಂಡುಗಳನ್ನು ಊರವರಲ್ಲಿ ಕೇಳಿ ಹೊರಡಿ. ಹುಲಿಕೆರೆಯ ಹತ್ತಿರ ನಾಲೆ ಎರಡು ಕಿಲೋಮೀಟರಿಗೂ ಮಿಕ್ಕಿದ ಸುರಂಗ ಹೊಕ್ಕು ಮದ್ದೂರು, ಮಳವಳ್ಳಿ ಸೀಮೆಯ ಕಡೆ ಹೋಗುತ್ತದೆ. ರಿಕೆಯ ಕಾಲುವೆಯೂ ಮಾಲ್ಪಾಸ್‌ನಲ್ಲಿ ಹೀಗೇ ಗುಡ್ಡದೊಳಗೆ ನುಗ್ಗುತ್ತದೆ, ಅದು ಬರೀ 165 ಮೀಟರ್. ಎರಡು ಕಡೆಯೂ ಸುರಂಗ ನೀರಿಗೆ, ಸೈಕಲ್ಲಿನವನಿಗೆ ಗುಡ್ಡ. ಅಲ್ಲಿ ದೆಗ್ರಾಂಜನ ಶಿಷ್ಯರು ತೊಡೆ ನೆಚ್ಚಿಕೊಂಡು ಏರಲಿ. ನೀವು ಅತಿ ಸಣ್ಣ ಗೇರಿಗೆ ಇಳಿಸಿ, ಮಾರ್ತ್ ಹೆಸ್‌ಳನ್ನು ನೆನೆದುಕೊಂಡು ತುಳಿಯಿರಿ.