ಮುಳುಗುವ ವಿದ್ಯೆ

ರಂಗನತಿಟ್ಟಿನ ದೋಣಿ ಹತ್ತಿದವರೆಲ್ಲ ಕಾಯುವುದು ಬಾಯಿ ತೆರೆದ ಮೊಸಳೆಗಾಗಿ. ಬಂಡೆಯ ಮೇಲೆ ಅಂಥದ್ದೊಂದು ಕಂಡಿತೋ, ಎಲ್ಲರೂ ಮೊಬೈಲ್ ಹಿಡಿದು ಒಂದೇ ಕಡೆಗೆ ವಾಲುತ್ತಾರೆ. ಪಾಪ, ಅದು ಬಾಯಿ ತೆರೆದಿರುವುದು ಮೈಯ ಕಾವು ಇಳಿಸಿಕೊಳ್ಳಲು. ನನಗೆ ಆ ಫೋಟೊ ಬೇಡ. ಮೊಸಳೆ ನೀರಿಗಿಳಿದ ಮೇಲೆಯೇ ನನ್ನ ಕಣ್ಣಿಗೆ ಹಬ್ಬ.

ನೀರಿನ ಮೇಲೆ ಎರಡು ಕಣ್ಣು, ಮೂಗಿನ ಹೊಳ್ಳೆಗಳದೊಂದು ಗುಬುಟು, ಅಷ್ಟೆ. ನೋಡುತ್ತಿದ್ದಂತೆ ಮೂತಿ ತಗ್ಗುತ್ತದೆ, ಕಣ್ಣು ಮರೆಯಾಗುತ್ತದೆ, ನೀರಿನ ಮೇಲೆ ಒಂದು ಸುಕ್ಕೂ ಉಳಿಯುವುದಿಲ್ಲ. ಈಜುವಾಗ ಕಾಲುಗಳನ್ನು ಮೈಗೆ ಒತ್ತಿಕೊಂಡು ಬಾಲ ಬೀಸುತ್ತದೆ, ಸರಿ. ಆದರೆ ಹೀಗೆ ಏನನ್ನೂ ಆಡಿಸದೆ ಮುಳುಗುವುದು ಹೇಗೆ? ಉಸಿರು ಹೊರಬಿಟ್ಟು ಮುಳುಗುತ್ತದೆ ಎಂದೇ ಬಹಳ ಕಾಲ ನಂಬಿದ್ದೆ. ಅದು ಅರ್ಧ ಉತ್ತರ.

ಉಳಿದರ್ಧ ಸಿಕ್ಕಿದ್ದು ಮೊಸಳೆಯ ಅಮೆರಿಕದ ದಾಯಾದಿ ಆಲಿಗೇಟರ್‌ನಿಂದ. ಅದರ ಯಕೃತ್ತನ್ನು ಹಿಂದಕ್ಕೆಳೆದು ಶ್ವಾಸಕೋಶಕ್ಕೆ ಜಾಗ ಮಾಡಿಕೊಡುವ ಸ್ನಾಯುವೊಂದಿದೆ. ಉಸಿರಾಟಕ್ಕೆ ನೆರವಾಗುವ ಈ ಸ್ನಾಯು ಇನ್ನೊಂದಷ್ಟು ಸ್ನಾಯುಗಳ ಜೊತೆ ಸೇರಿ ಚುಕ್ಕಾಣಿಯ ಕೆಲಸವನ್ನೂ ಮಾಡುತ್ತದೆ ಎಂದು 2008ರಲ್ಲಿ ಯೂಟಾ ವಿಶ್ವವಿದ್ಯಾಲಯದ ಯೂರಿಯೋನಾ ಮತ್ತು ಫಾರ್ಮರ್ ತೋರಿಸಿಕೊಟ್ಟರು. ಶ್ವಾಸಕೋಶ ಬಾಲದ ಕಡೆಗೆ ಸರಿದರೆ ಮೂತಿ ತಗ್ಗುತ್ತದೆ, ತಲೆಯ ಕಡೆಗೆ ಸರಿದರೆ ಏಳುತ್ತದೆ, ಪಕ್ಕಕ್ಕೆ ಸರಿದರೆ ಮೈ ಹೊರಳುತ್ತದೆ. ಬಾಲಕ್ಕೆ ಸೀಸದ ತುಂಡು ಕಟ್ಟಿ ಮುಳುಗಲು ಬಿಟ್ಟಾಗ ಆ ಸ್ನಾಯುಗಳು ಇನ್ನಷ್ಟು ದುಡಿದವಂತೆ. ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುರುಡೆ ಸೊಂಟದಿಂದ ಕೆಳಕ್ಕೆ ಜಾರಿತೋ, ಕಾಲು ಮೇಲೆ, ತಲೆ ನೀರೊಳಗೆ. ನಾವು ಯಾವುದಕ್ಕೆ ಕಿರುಚಿಕೊಳ್ಳುತ್ತಿದ್ದೆವೋ ಅದನ್ನೇ ಆ ಪ್ರಾಣಿ ಬೇಕೆಂದೇ ಮಾಡುತ್ತದೆ, ಬುರುಡೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು.

ಬೈನಾಕ್ಯುಲರ್ ಇದ್ದವರು ಮೊಸಳೆಯ ದವಡೆಯ ಅಂಚಿನ ಕಪ್ಪು ಚುಕ್ಕೆಗಳನ್ನೂ ನೋಡಿ. 2002ರಲ್ಲಿ ಡಾಫ್ನೆ ಸೋರೆಸ್ ಎಂಬ ವಿಜ್ಞಾನಿ ಕತ್ತಲೆಯಲ್ಲಿ ಅರ್ಧ ಮುಳುಗಿದ್ದ ಆಲಿಗೇಟರ್‌ಗಳ ಬಳಿ ಒಂದೇ ಒಂದು ಹನಿ ನೀರು ಬೀಳಿಸಿದರು. ಹನಿ ಬಿದ್ದ ದಿಕ್ಕಿಗೆ ಅವು ತಿರುಗಿದವು. ಚುಕ್ಕೆಗಳನ್ನು ಮುಚ್ಚಿ ಬೀಳಿಸಿದಾಗ ತಿರುಗಲಿಲ್ಲ. ನೀರಿನ ಅಲುಗಾಟವನ್ನು ಹಿಡಿಯುವುದು ಆ ಚುಕ್ಕೆಗಳೇ. ಆಲಿಗೇಟರ್‌ಗೆ ಅವು ಇರುವುದು ಮುಖದ ಮೇಲೆ ಮಾತ್ರ, ನಮ್ಮ ಕಾವೇರಿಯ ಮೊಸಳೆಗೆ ಮೈಯ ಚಿಪ್ಪುಗಳ ಮೇಲೂ ಇವೆ. (ದುಬಾರಿ ಬೆಲ್ಟು ಯಾವ ಪ್ರಾಣಿಯ ಚರ್ಮದ್ದು ಎಂದು ಬಲ್ಲವರು ಹೇಳುವುದೂ ಈ ಚುಕ್ಕೆ ನೋಡಿಯೇ. ಹಾಳು ಶೋಕಿ!)

ಹೋದ ವಾರ ನಮ್ಮ ಅಂಬಿಗ ಹುಟ್ಟುಗಳನ್ನು ಮೇಲೆತ್ತಿ ದೋಣಿಯನ್ನು ತೇಲಲು ಬಿಟ್ಟ. ಕ್ಷಣದ ಹಿಂದಷ್ಟೇ ಎರಡು ಕಣ್ಣು ಮುಳುಗಿದ್ದ ಜಾಗ ಅದು.

“ಸುಮ್ನಿರಿ ಸಾರ್, ಈಗ ಏಳ್ತದೆ” ಎಂದ.

ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಅದು ಏಳಲಿಲ್ಲ.